‘ಸಣ್ಣ ವಿಷಯ’ ಎಂದವರು ಯಾರು?

1741ರಲ್ಲಿ ತರಂಗಂಬಾಡಿಯ ಲೂಥರನ್ ಮಿಷನರಿಗಳು ಒಬ್ಬ ದೇಶೀಯ ಪಾದ್ರಿಯನ್ನು ಆರಿಸಬೇಕಾಗಿ ಬಂತು. ಕಣ್ಣೆದುರಿಗಿದ್ದವನು ರಾಜನಾಯಕ್ಕನ್. ತಂಜಾವೂರು ರಾಜನ ದಂಡಿನಲ್ಲಿ ಸಿಪಾಯಿಯಾಗಿದ್ದವನು. ತಮಿಳಿನಲ್ಲಿ ಅಚ್ಚಾಗಿದ್ದ ಹೊಸ ಒಡಂಬಡಿಕೆ ಕೈಗೆ ಸಿಕ್ಕಿ, ಅದನ್ನು ಓದಿ, ತಾನಾಗಿ ಮಿಷನ್ನನ್ನು ಹುಡುಕಿಕೊಂಡು ಬಂದವನು. ಹತ್ತು ವರ್ಷಕ್ಕೂ ಮೇಲ್ಪಟ್ಟು ಉಪದೇಶಿಯಾಗಿ ಊರೂರು ತಿರುಗಿದವನು. ಅವನ ಯೋಗ್ಯತೆಯ ಬಗ್ಗೆ ಮಿಷನರಿಗಳಿಗೆ ಅನುಮಾನವಿರಲಿಲ್ಲ. ಆದರೆ ಅವನು ಪರೆಯ. ಅವನ ಕೈಯಿಂದ ಕರ್ತನ ಭೋಜನದ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಮೇಲ್ಜಾತಿಯ ಕ್ರೈಸ್ತರು ಮುಟ್ಟುತ್ತಾರೆಯೇ? ಮುಟ್ಟಲಾರರು ಎಂಬ ಭಯದಿಂದ ಮಿಷನರಿಗಳು ಪಾದ್ರಿ ಪಟ್ಟವನ್ನು ದಿಯೋಗೊ ಎಂಬ ಇನ್ನೊಬ್ಬನಿಗೆ ಕೊಟ್ಟರು. ಎಂಟು ವರ್ಷದ ಹಿಂದೆ, 1733ರಲ್ಲಿ, ಮೊದಲ ಪಟ್ಟ ಸಿಕ್ಕಿದ್ದೂ ವೆಳ್ಳಾಳ ಮನೆತನದ ಆರೋನನಿಗೆ. ರಾಜನಾಯಕ್ಕನ್ ಉಪದೇಶಿಯಾಗಿಯೇ ಬದುಕಿದ, ಉಪದೇಶಿಯಾಗಿಯೇ ಸತ್ತ.

ಈ ಕಥೆಯಲ್ಲಿ ದುಷ್ಟರನ್ನು ಹುಡುಕಬೇಡಿ, ಸಿಗೋದಿಲ್ಲ. ಮಿಷನರಿಗಳು ಅವನನ್ನು ದ್ವೇಷಿಸುತ್ತಿರಲಿಲ್ಲ. ಅವನ ಆತ್ಮ ತಮ್ಮ ಆತ್ಮಕ್ಕೆ ಸಮ ಎಂದು ಮನಸಾರೆ ನಂಬಿದ್ದರು. ಯಾರು ಮೊದಲು ಬಟ್ಟಲಿಗೆ ಬಾಯಿಡಬೇಕು, ಯಾರು ಎಲ್ಲಿ ಕೂರಬೇಕು, ಯಾರ ಕೈಯಿಂದ ಯಾರು ತೆಗೆದುಕೊಳ್ಳಬೇಕು ಎಂಬುದು ಮಾತ್ರ ಅವರ ಲೆಕ್ಕದಲ್ಲಿ ದೇಶಾಚಾರ. ಮೋಕ್ಷಕ್ಕೆ ಸಂಬಂಧಿಸಿದ್ದಲ್ಲ, ಕಾಲ ಬಂದಾಗ ತಾನಾಗಿ ಸರಿಹೋಗುವಂಥ ಸಣ್ಣ ವಿಷಯ.

ಲೂಥರನ್ನರ ಜಗಳ ನಮಗ್ಯಾಕೆ ಸ್ವಾಮಿ, ನಮ್ಮದೇ ಬೇಕಾದಷ್ಟಿದೆ, ಎಂದು ಗೆಳೆಯರು ಕೇಳಬಹುದು. ಕೇಳಲಿ. ಸಂಪ್ರದಾಯ ಉಳಿಯಬೇಕೋ ಬದಲಾಗಬೇಕೋ ಎಂಬ ಜಗಳ ಎಲ್ಲ ಧರ್ಮಗಳಲ್ಲೂ ಉಂಟು. ಆದರೆ ಈ ಜನ ‘ಸಣ್ಣ ವಿಷಯ’ ಎಂಬುದಕ್ಕೊಂದು ಹೆಸರಿಟ್ಟು, ಅದರ ಮೇಲೆ ಶಾಸ್ತ್ರ ಬರೆದು, ಸುಮಾರು ನಾಲ್ಕೂಮುಕ್ಕಾಲು ಶತಮಾನದಿಂದ ಕಾದಾಡುತ್ತಿದ್ದಾರೆ. ಆ ಕಾದಾಟದ ಒಂದು ದೊಡ್ಡ ಅಧ್ಯಾಯ ನಡೆದದ್ದು ಜರ್ಮನಿಯಲ್ಲಲ್ಲ, ಕಾವೇರಿ ಸಮುದ್ರ ಸೇರುವ ಸೀಮೆಯಲ್ಲಿ. ಅದರ ವಸ್ತು ಜಾತಿ. ನಮಗೆ ಇಷ್ಟು ಸಾಲದೇ?

ಆ ಹೆಸರು ‘ಅಡಿಯಾಫೊರ’. ಗ್ರೀಕ್ ಮಾತು. ದೇವರು ಮಾಡು ಎಂದೂ ಹೇಳದ, ಮಾಡಬೇಡ ಎಂದೂ ಹೇಳದ ಸಂಗತಿಗಳು. ಹಾಗೆ ಮಾಡಿದರೂ ಸರಿ, ಹೀಗೆ ಮಾಡಿದರೂ ಸರಿ. ಲೂಥರ್ ಸತ್ತದ್ದು 1546ರಲ್ಲಿ. ಮರುವರ್ಷವೇ ಚಕ್ರವರ್ತಿ ಐದನೆಯ ಚಾರ್ಲ್ಸ್ ಲೂಥರನ್ ದೊರೆಗಳನ್ನು ಯುದ್ಧದಲ್ಲಿ ಸೋಲಿಸಿದ. 1548ರಲ್ಲಿ ಅವನ ಕಟ್ಟಪ್ಪಣೆ ಹೊರಟಿತು: ಹಳೆಯ ಕ್ಯಾಥೊಲಿಕ್ ಆಚರಣೆಗಳನ್ನು ಮತ್ತೆ ಹಿಡಿಯಿರಿ. ಲೂಥರನ ಬಲಗೈಯಂತಿದ್ದ ಮೆಲಾಂಕ್ಟನ್ ಪಂಡಿತ, ಶಾಂತ ಸ್ವಭಾವದವನು. ಮತ್ತೆ ರಕ್ತ ಹರಿಯೋದು ಬೇಡ ಎಂದು ಅವನೊಂದು ದಾರಿ ಹುಡುಕಿದ. ಮೂಲ ಬೋಧನೆಯನ್ನು ಬಿಡುವುದು ಬೇಡ, ಆದರೆ ಪಾದ್ರಿ ತೊಡುವ ಬಿಳಿ ನಿಲುವಂಗಿ, ಉಪವಾಸದ ದಿನಗಳು, ಕೆಲವು ವಿಧಿಗಳು, ಇವೆಲ್ಲ ಅಡಿಯಾಫೊರ ತಾನೆ, ಒಪ್ಪಿಕೊಳ್ಳೋಣ ಎಂದ.

ಇದನ್ನು ಒಪ್ಪದವನು ಫ್ಲಾಸಿಯಸ್. ಏಡ್ರಿಯಾಟಿಕ್ ಕಡಲಂಚಿನ ಇಸ್ಟ್ರಿಯಾದಿಂದ ಬಂದವನು, ವಿಟೆನ್‌ಬರ್ಗಿನಲ್ಲಿ ಹೀಬ್ರೂ ಕಲಿಸುತ್ತಿದ್ದ ಎಳೆಯ ಮೇಷ್ಟ್ರು. ಕೆಲಸ ಬಿಟ್ಟು ಮ್ಯಾಗ್ಡೆಬರ್ಗ್ ಪಟ್ಟಣಕ್ಕೆ ಹೋಗಿ ಅಲ್ಲಿಂದ ಒಂದರ ಹಿಂದೊಂದು ಕರಪತ್ರ ಅಚ್ಚು ಹಾಕಿಸಿದ. ಪಟ್ಟಣಕ್ಕೆ ಮುತ್ತಿಗೆ ಬಿದ್ದರೂ ನಿಲ್ಲಿಸಲಿಲ್ಲ. ಅವನ ವಾದ ಸರಳ. ಬಿಳಿ ಅಂಗಿ ಸಣ್ಣ ವಿಷಯವೇ, ಯಾರು ಇಲ್ಲ ಅಂತಾರೆ? ಸುಮ್ಮನಿದ್ದಾಗ ಹಾಕಿಕೊಂಡರೂ ಆಯಿತು, ಬಿಟ್ಟರೂ ಆಯಿತು. ಆದರೆ ಗೆದ್ದವನು ಕತ್ತಿ ಹಿಡಿದು ಹಾಕಿಕೋ ಎಂದಾಗ ಅದೇ ಅಂಗಿ ಶರಣಾಗತಿಯ ಗುರುತಾಗುತ್ತದೆ. ಆವಾಗ ಅದು ಸಣ್ಣದಾಗಿ ಉಳಿಯೋದಿಲ್ಲ. ಮೂವತ್ತು ವರ್ಷ ಕಿತ್ತಾಡಿದ ಮೇಲೆ ಲೂಥರನ್ನರು 1577ರಲ್ಲಿ ಬರೆದುಕೊಂಡ ಒಪ್ಪಂದದ ಹತ್ತನೆಯ ಕಲಮು ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಆಚರಣೆಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸುವ ಸ್ವಾತಂತ್ರ್ಯ ಸಭೆಗೆ ಇದೆ. ಆದರೆ ಒತ್ತಾಯದ ಕಾಲದಲ್ಲಿ, ನಂಬಿಕೆಯನ್ನು ಬಾಯಿಬಿಟ್ಟು ಹೇಳಬೇಕಾದ ಗಳಿಗೆಯಲ್ಲಿ, ಸಣ್ಣದರಲ್ಲೂ ಬಗ್ಗಕೂಡದು.

ಈ ಫ್ಲಾಸಿಯಸ್ ಬಂಡಾಯಗಾರನೇನೂ ಅಲ್ಲ, ಹಟಮಾರಿ ಸನಾತನಿ. ಲೂಥರ್ ಹೇಳಿದ್ದರಲ್ಲಿ ಒಂದಕ್ಷರ ಆಚೀಚೆ ಆಗಕೂಡದು ಎನ್ನುವವನು. ಕೊನೆಗೆ ತನ್ನವರ ಜೊತೆಗೂ ಜಗಳವಾಡಿ ಊರೂರು ಅಲೆದು ಸತ್ತ. ಇವನು ಕೊಟ್ಟ ಆಯುಧವನ್ನು ಮುಂದೆ ಯಾರು ಹಿಡಿದರು ಎಂಬುದೇ ಸ್ವಾರಸ್ಯ. ಅದಕ್ಕೆ ಮೊದಲು ತಂಜಾವೂರಿಗೆ ಹೋಗಿ ಬರೋಣ.

ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ತರಂಗಂಬಾಡಿ ಮಿಷನ್ ಸೊರಗಿತ್ತು. ತಂಜಾವೂರು ಮುಂತಾದ ಕಡೆಯ ಹಳೆಯ ಲೂಥರನ್ ಸಭೆಗಳು ಇಂಗ್ಲಿಷ್ ಮಿಷನ್ನುಗಳ ಕೈಗೆ ಬಂದಿದ್ದವು. ಬಂದ ಹೊಸ ಪಾದ್ರಿಗಳಿಗೆ ಜಾತಿಯನ್ನು ಕಂಡು ಸಿಟ್ಟು ಬಂತು. ಎಲ್ಲರೂ ಒಟ್ಟಿಗೆ ಕೂರಬೇಕು, ಒಟ್ಟಿಗೆ ಭೋಜನ ತೆಗೆದುಕೊಳ್ಳಬೇಕು ಎಂದರು. ಆಗ ಎದ್ದು ನಿಂತವರು ವೇದನಾಯಗಂ ಶಾಸ್ತ್ರಿ. ಸಾಮಾನ್ಯರಲ್ಲ. ಶ್ವಾರ್ಟ್ಸ್ ಪಾದ್ರಿಯ ಶಿಷ್ಯ, ಸರಫೋಜಿ ರಾಜನ ಆಸ್ಥಾನದಲ್ಲಿ ಮನ್ನಣೆ ಪಡೆದ ಕವಿ, ಇವತ್ತಿಗೂ ತಮಿಳು ಕ್ರೈಸ್ತರು ಹಾಡುವ ಕೀರ್ತನೆಗಳ ಕರ್ತೃ. 1829ರಲ್ಲಿ ಜಾತಿಯನ್ನು ತಿದ್ದಹೊರಟವರ ಹುಚ್ಚುತನದ ಬಗ್ಗೆ ಒಂದು ಇಡೀ ಗ್ರಂಥವನ್ನೇ ಬರೆದರು.

ಅವರ ದೂರುಗಳನ್ನು ಗಮನವಿಟ್ಟು ನೋಡಬೇಕು. ಹೊಸ ಪಾದ್ರಿಗಳು ಹಳೆಯ ತಮಿಳು ಬೈಬಲಿನ ಮಾತುಗಳನ್ನು ತಿದ್ದುತ್ತಿದ್ದಾರೆ. ಹಬ್ಬಕ್ಕೆ ಹೂವು ಬೇಡ ಅಂತಾರೆ. ಆರಾಧನೆಯಲ್ಲಿ ನಮ್ಮ ಸಂಗೀತ ಬೇಡ ಅಂತಾರೆ. ಭೋಜನದಲ್ಲಿ ಜಾತಿಗಳನ್ನು ಕಲಸುತ್ತಾರೆ. ನಾಲ್ಕನ್ನೂ ಒಂದೇ ಉಸಿರಿನಲ್ಲಿ, ಒಂದೇ ತೂಕದಲ್ಲಿ ಹೇಳಿದ್ದಾರೆ. ಮೊದಲ ಮೂರು ದೂರುಗಳಲ್ಲಿ ನಾನು ಶಾಸ್ತ್ರಿಗಳ ಪಕ್ಷ. ಹೂವು ಮುಡಿದರೆ ಯಾವ ದೇವರು ಮುನಿಯುತ್ತಾನೆ? ಜನ ತಮ್ಮ ರಾಗದಲ್ಲಿ ಹಾಡಿದರೆ ಯಾರ ಅಪ್ಪನ ಗಂಟು ಹೋಗುತ್ತೆ? ಲಂಡನ್ನಿನ ರಾಗವೇ ದೇವರ ರಾಗ ಎನ್ನುವ ದೊರೆಗಳ ದರ್ಪಕ್ಕೆ ಎದುರು ನಿಂತದ್ದು ಸರಿಯೇ. ಆದರೆ ನಾಲ್ಕನೆಯದು ಹೂವಿನ ಬುಟ್ಟಿಯೊಳಗೆ ಕೂತು ಬಂದಿದೆ. ‘ನಮ್ಮ ಸಂಸ್ಕೃತಿ’ ಎಂಬ ಬುಟ್ಟಿಯನ್ನು ಹೊತ್ತು ತಂದವರು ಯಾರೇ ಆಗಲಿ, ಕೆಳಗಿಳಿಸಿ ಒಂದೊಂದಾಗಿ ಎತ್ತಿ ನೋಡದೆ ಕೈಮುಗಿಯುವ ನಮ್ಮ ಅಭ್ಯಾಸ ಎಷ್ಟು ಹಳೆಯದು! ಹಾಗೆ ನೋಡದೆ ಬುಟ್ಟಿಯನ್ನೇ ಒದೆಯುವವರೂ ಇದ್ದಾರೆ. ಹೊಸ ಪಾದ್ರಿಗಳು ಆ ಎರಡನೆಯ ಜಾತಿ. ಅವರಿಗೆ ಹೂವೂ ಒಂದೇ, ಅಸ್ಪೃಶ್ಯತೆಯೂ ಒಂದೇ. ಎರಡೂ ಕರಿಯರ ಅನಾಚಾರ.

1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸುತ್ತೋಲೆ ಕಳಿಸಿದರು: ಸಭೆಗಳಲ್ಲಿ ಜಾತಿಭೇದ ಈ ಕೂಡಲೆ, ಪೂರ್ತಿಯಾಗಿ, ಕೊನೆಯ ಸಲಕ್ಕೆ ಹೋಗಬೇಕು. ತಂಜಾವೂರಿನಲ್ಲಿ, ಮದರಾಸಿನ ವೇಪೇರಿಯಲ್ಲಿ, ಮೇಲ್ಜಾತಿಯವರು ಗುಂಪುಗುಂಪಾಗಿ ಚರ್ಚು ಬಿಟ್ಟು ಎದ್ದು ಹೋದರು. 1840ರ ದಶಕದಲ್ಲಿ ಜರ್ಮನಿಯಿಂದ ಹೊಸ ಲೂಥರನ್ ಮಿಷನ್ ತರಂಗಂಬಾಡಿಗೆ ಬಂತು. ಡ್ರೆಸ್ಡೆನ್ನಿನಲ್ಲಿ ಹುಟ್ಟಿ 1848ರಲ್ಲಿ ಲೈಪ್‌ಜಿಗ್‌ಗೆ ಸ್ಥಳ ಬದಲಿಸಿದ ಮಿಷನ್ ಅದು. ಎದ್ದುಹೋದವರಲ್ಲಿ ಅನೇಕರು ಅದರ ಬಾಗಿಲು ತಟ್ಟಿದರು. ಬಾಗಿಲು ತೆರೆಯಿತು. 1850ರಲ್ಲಿ ಮದರಾಸಿನಲ್ಲಿ ಪ್ರಾಟೆಸ್ಟೆಂಟ್ ಮಿಷನರಿಗಳು ಸೇರಿ ಜಾತಿಯ ವಿರುದ್ಧ ಒಂದು ನಿರ್ಣಯಕ್ಕೆ ಸಹಿ ಹಾಕಿದಾಗ ಲೈಪ್‌ಜಿಗ್‌ನವರು ಹೊರಗುಳಿದರು.

ಲೈಪ್‌ಜಿಗ್‌ನ ನಿರ್ದೇಶಕ ಕಾರ್ಲ್ ಗ್ರೌಲ್‌ನನ್ನು ಮೂರ್ಖನೆಂದು ತಳ್ಳಿಹಾಕಿದರೆ ನಾವು ಏನನ್ನೂ ಕಲಿಯುವುದಿಲ್ಲ. ಆತ 1849ರಿಂದ ನಾಲ್ಕು ವರ್ಷ ಪ್ರವಾಸ ಮಾಡಿ ಭಾರತವನ್ನು ಕಣ್ಣಾರೆ ಕಂಡ. ತಮಿಳನ್ನು ಆಳವಾಗಿ ಕಲಿತ. ತಿರುಕ್ಕುರಳನ್ನು ಜರ್ಮನಿಗೆ ತಂದ. ದೇಶಭಾಷೆಗಳನ್ನು ತುಚ್ಛವಾಗಿ ಕಾಣುತ್ತಿದ್ದ ಇಂಗ್ಲಿಷ್ ಸಾಹೇಬರ ಮಧ್ಯೆ ಈ ಮನುಷ್ಯ ತಮಿಳರನ್ನು ನಾಗರಿಕರೆಂದು ಕಂಡ. ಅವನ ವಾದವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಒಂದು ಜನಾಂಗಕ್ಕೆ ಅದರದೇ ಬದುಕಿನ ಕಟ್ಟಡವಿರುತ್ತದೆ. ಜಾತಿಯಲ್ಲಿ ಧರ್ಮದ ಅಂಶವೂ ಇದೆ, ಬರೀ ಸಮಾಜದ ಅಂಶವೂ ಇದೆ. ಧರ್ಮದ್ದನ್ನು ಬಿಡಿಸಬೇಕು, ಸಮಾಜದ್ದನ್ನು ಸಹಿಸಬೇಕು. ಹೊರಗಿನವನು ದೊಣ್ಣೆ ಹಿಡಿದು ಕಟ್ಟಡ ಕೆಡವಿದರೆ ಜನ ಕ್ರೈಸ್ತರಾಗುವುದಿಲ್ಲ, ನಕಲಿ ಇಂಗ್ಲಿಷರಾಗುತ್ತಾರೆ. ಸುವಾರ್ತೆ ಒಳಗಿನಿಂದ ಹುಳಿಹಿಟ್ಟಿನ ಹಾಗೆ ಕೆಲಸ ಮಾಡಲಿ, ನಿಧಾನವಾಗಿ.

ಈ ಮಾತನ್ನು ಓದುವಾಗ ನಮ್ಮವರ ಅನೇಕ ಭಾಷಣಗಳು ಕಿವಿಯಲ್ಲಿ ಮೊಳಗುವುದಿಲ್ಲವೆ? ವಸಾಹತುಶಾಹಿಯನ್ನು ವಿರೋಧಿಸುವುದು, ದೇಶೀಯತೆಯನ್ನು ಗೌರವಿಸುವುದು, ಹೇರಿಕೆ ಬೇಡ ಎನ್ನುವುದು, ಎಲ್ಲವೂ ಒಪ್ಪತಕ್ಕ ಮಾತು. ಆದರೆ ಗ್ರೌಲ್ ‘ತಮಿಳರು’ ಎಂದಾಗ ಅವನ ಕಣ್ಣ ಮುಂದೆ ಇದ್ದವರು ಯಾರು? ವೆಳ್ಳಾಳರು. ಪುಸ್ತಕ ಇದ್ದವರು, ಹೊಲ ಇದ್ದವರು, ಅರ್ಜಿ ಬರೆಯಬಲ್ಲವರು. ಪರೆಯನೂ ತಮಿಳನೇ. ಅವನ ಬದುಕಿನ ಕಟ್ಟಡ ಯಾವುದು? ಆ ಕಟ್ಟಡದ ಬುನಾದಿಯ ಕೆಳಗೆ ಸಿಕ್ಕಿಕೊಂಡವನ ಬದುಕಿಗೂ ಅದೇ ಕಟ್ಟಡವನ್ನು ಸಂಸ್ಕೃತಿ ಎಂದು ತೋರಿಸಿದರೆ ಅವನು ಏನು ಹೇಳಬೇಕು? ‘ಸಮಾಜದ್ದನ್ನು ಸಹಿಸಬೇಕು’ ಎಂಬ ವಾಕ್ಯದಲ್ಲಿ ಸಹಿಸುವ ಕೆಲಸ ಗ್ರೌಲ್‌ನದೂ ಅಲ್ಲ, ವೆಳ್ಳಾಳನದೂ ಅಲ್ಲ. ಆ ಕೆಲಸವನ್ನು ಪ್ರತಿ ಭಾನುವಾರ ಮಾಡಬೇಕಾದವನು ಹಿಂದೆ ಕೂತವನು. ನಿಧಾನ ಎನ್ನುವುದಕ್ಕೂ ಖರ್ಚಿದೆ. ಆ ಖರ್ಚನ್ನು ಭರಿಸುವವನನ್ನು ಕೇಳದೆ ‘ನಿಧಾನ’ ಎಂದು ತೀರ್ಮಾನಿಸಲಾಯಿತು.

ಇದನ್ನು ಮಿಷನ್ನಿನ ಒಳಗೇ ಕಂಡವರು ಇದ್ದರು. ಕಾರ್ಲ್ ಓಕ್ಸ್ ಎಂಬ ಮಿಷನರಿ ಗ್ರೌಲ್‌ನ ಧೋರಣೆಯನ್ನು ವಿರೋಧಿಸಿದ. ಅವನೂ ಲೂಥರನ್ನನೇ, ಅದೇ ಒಪ್ಪಂದಕ್ಕೆ ಸಹಿ ಹಾಕಿದವನೇ. ವರ್ಷಗಟ್ಟಲೆ ಜಗಳವಾಗಿ ಕೊನೆಗೆ ಲೈಪ್‌ಜಿಗ್ ಬಿಟ್ಟ. 1860ರ ದಶಕದ ಆರಂಭದಲ್ಲಿ ದಕ್ಷಿಣ ಆರ್ಕಾಟಿನ ಪಟ್ಟಾಂಬಾಕ್ಕಂನಲ್ಲಿ ಡೆನ್ಮಾರ್ಕಿನ ಮಿಷನ್ನಿಗಾಗಿ ಬೇರೆ ಕೆಲಸ ಶುರುಮಾಡಿದ. ಒಂದೇ ಗ್ರಂಥ, ಒಂದೇ ಗುರು, ಒಂದೇ ಪ್ರಮಾಣ. ನಡುವೆ ಜಾತಿ ಬಂದು ಎರಡು ಮಿಷನ್ ಆಯಿತು.

ನಮ್ಮ ಕರಾವಳಿಗೆ ಬಂದದ್ದು ಇನ್ನೊಂದು ದಾರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅಚ್ಚ ಲೂಥರನ್ ಅಲ್ಲ. ಲೂಥರನ್ನರೂ ಸ್ವಿಸ್ ರಿಫಾರ್ಮ್ಡ್ ಪಂಥದವರೂ ಸೇರಿ ಕಟ್ಟಿದ್ದು. ಆದರೆ ಬಂದವರಲ್ಲಿ ಬಹಳ ಮಂದಿ ಲೂಥರನ್ ನಾಡಾದ ವುರ್ಟೆಂಬರ್ಗಿನವರು. ಇವರು ಸಭೆಯೊಳಗೆ ಜಾತಿಯನ್ನು ಒಪ್ಪಲಿಲ್ಲ. ದೀಕ್ಷಾಸ್ನಾನ ಆದವನು ಎಲ್ಲರ ಜೊತೆ ಕೂರಬೇಕು, ಉಣ್ಣಬೇಕು. ಪರಿಣಾಮ ಏನಾಯಿತು? ಜಾತಿ ಬಿಟ್ಟವನ ಕಸುಬೂ ಹೋಯಿತು, ಗೇಣಿ ಭೂಮಿಯೂ ಹೋಯಿತು. ಬಂದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರಿಗೆ ಅನ್ನ ಬೇಕಲ್ಲ? ಮಗ್ಗಗಳು ಬಂದವು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಎಂದು ನಾವು ಹೊದಿಸಿಕೊಂಡ ಸೂರಿನ ಹಿಂದೆ ಈ ಕಥೆಯೂ ಇದೆ. ಇದನ್ನು ಹಾಡಿಹೊಗಳಲು ಹೇಳುತ್ತಿಲ್ಲ. ಅನ್ನ ಕೊಟ್ಟವನೇ ಪಾದ್ರಿ, ಅವನೇ ಮಾಲೀಕ, ಅವನೇ ನ್ಯಾಯಾಧೀಶ ಆದರೆ ಏನಾಗುತ್ತದೆಂದು ನಮಗೆ ಗೊತ್ತು. ಅಲ್ಲದೆ, ಅಷ್ಟೊಂದು ಬಿಲ್ಲವರಿದ್ದ ಮಿಷನ್ನಿನಿಂದ ಬಾಸೆಲ್‌ಗೇ ಹೋಗಿ ಓದಿ 1851ರಲ್ಲಿ ಮಿಷನರಿಯಾಗಿ ಹಿಂದಿರುಗಿದವರು ಆನಂದರಾವ್ ಕೌಂಡಿನ್ಯ, ಸಾರಸ್ವತ ಬ್ರಾಹ್ಮಣರು. ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಮೇಲುಕೀಳನ್ನು ಬಿಡಿ ಎಂದು ಹೇಳಿದವರು, ಬಿಟ್ಟಾಗ ಬೀಳುವ ಹೊರೆಗೆ ಸ್ವಲ್ಪವಾದರೂ ಹೆಗಲು ಕೊಟ್ಟರು. ವಿಲ್ಸನ್ ಸಾಹೇಬರು ಕಳಿಸಿದ್ದು ಕಾಗದ ಮಾತ್ರ.

ಗ್ರೌಲ್‌ನ ವಾದದ ಬೇರು ಎಲ್ಲಿದೆ ಎಂದು ಹುಡುಕಿದರೆ ಲೂಥರನ ಅಂಗಳದಲ್ಲೇ ಸಿಗುತ್ತದೆ. 1525ರ ಮಾರ್ಚಿನಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ಸೇರಿದ ಜರ್ಮನ್ ರೈತರು ಹನ್ನೆರಡು ಬೇಡಿಕೆಗಳನ್ನು ಬರೆದರು. ಮೂರನೆಯದು ಜೀತದ ವಿರುದ್ಧ. ಕ್ರಿಸ್ತ ತನ್ನ ರಕ್ತ ಕೊಟ್ಟು ಕುರುಬನನ್ನೂ ದೊರೆಯನ್ನೂ ಒಂದೇ ಸಮ ಬಿಡಿಸಿದ್ದರೆ ನಾವು ಯಾರದೋ ಸ್ವತ್ತು ಹೇಗಾದೇವು ಎಂಬುದು ಅವರ ಪ್ರಶ್ನೆ. ಇದನ್ನು ಅವರು ಕಲಿತದ್ದು ಲೂಥರನಿಂದಲೇ. ‘ಕ್ರೈಸ್ತನ ಸ್ವಾತಂತ್ರ್ಯ’ ಎಂದು 1520ರಲ್ಲಿ ಪುಸ್ತಕ ಬರೆದವನು ಅವನೇ ತಾನೆ? ಲೂಥರ್ ಕೊಟ್ಟ ಉತ್ತರ: ನೀವು ಆತ್ಮದ ಸ್ವಾತಂತ್ರ್ಯವನ್ನು ದೇಹಕ್ಕೆ ಅನ್ವಯಿಸುತ್ತಿದ್ದೀರಿ. ಅಬ್ರಹಾಮನಿಗೂ ಆಳುಗಳಿದ್ದರು. ಲೋಕದ ರಾಜ್ಯ ಮೇಲುಕೀಳಿಲ್ಲದೆ ನಡೆಯಲಾರದು. ದೊರೆಗಳಿಗೂ ಬುದ್ಧಿ ಹೇಳಿದ, ನಿಜ. ಆದರೆ ದಂಗೆ ಹರಡಿದಾಗ ರೈತರನ್ನು ಕೊಚ್ಚಿಹಾಕಿ ಎಂದು ಬರೆದ. ದೊರೆಗಳು ಕೊಚ್ಚಿದರು, ಸಾವಿರ ಸಾವಿರ ಲೆಕ್ಕದಲ್ಲಿ. ರೈತರ ಪಕ್ಷ ನಿಂತ ಪಾದ್ರಿ ಮುಂಟ್ಸರ್‌ನ ತಲೆ ಅದೇ ಮೇ ತಿಂಗಳಲ್ಲಿ ಉರುಳಿತು.

ಆತ್ಮ ಸಮಾನ, ದೇಹ ಬೇರೆ. ಬಲಿಪೀಠದ ಮುಂದೆ ಅಣ್ಣತಮ್ಮ, ಹೊಲದಲ್ಲಿ ಒಡೆಯ ಮತ್ತು ಆಳು. ಇಂಥ ಎರಡು ಖಾನೆಗಳ ಲೆಕ್ಕದ ಪುಸ್ತಕ ಒಮ್ಮೆ ಕೈಗೆ ಸಿಕ್ಕಿದರೆ ಯಾವ ಕಾಲದಲ್ಲೂ ಯಾವ ದೇಶದಲ್ಲೂ ಬರೆಯಬಹುದು. 1933ರಲ್ಲಿ ಬರೆದರು. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವದು. ಸೆಪ್ಟೆಂಬರಿನಲ್ಲಿ ಪ್ರಷ್ಯಾದ ಸಭೆ, ಯಹೂದಿ ಮೂಲದವರು ಪಾದ್ರಿಗಳಾಗಿರಕೂಡದು ಎಂಬ ನಿಯಮ ಮಾಡಿತು. ಇದು ಸರಿಯೇ ಎಂದು ವಿಶ್ವವಿದ್ಯಾಲಯಗಳ ದೇವಶಾಸ್ತ್ರ ಪಂಡಿತರನ್ನು ಕೇಳಲಾಯಿತು. ಮಾರ್ಬರ್ಗಿನವರು ಸರಿಯಲ್ಲ ಎಂದರು. ಲೂಥರನ್ ಪಾಂಡಿತ್ಯದ ಕೋಟೆಯಾದ ಅರ್ಲಾಂಗೆನ್ನಿನಿಂದ ಆಲ್ಟ್‌ಹೌಸ್ ಮತ್ತು ಎಲರ್ಟ್ ಎಂಬಿಬ್ಬರು ಉತ್ತರ ಬರೆದರು. ಕ್ರಿಸ್ತನಲ್ಲಿ ಎಲ್ಲರೂ ಒಂದಾದರೂ ಕುಲ, ಜನಾಂಗಗಳ ಭೇದ ಅಳಿಯುವುದಿಲ್ಲ. ಅವು ಸೃಷ್ಟಿಯ ಕಟ್ಟಳೆ. ಆದ್ದರಿಂದ ಯಹೂದಿ ಮೂಲದ ಕ್ರೈಸ್ತರು ಹುದ್ದೆಗಳಿಂದ ಹಿಂದೆ ಸರಿದಿರುವುದು ಒಳ್ಳೆಯದು ಎಂದು ಅವರ ಅಭಿಪ್ರಾಯ. ತರಂಗಂಬಾಡಿಯ 1741ರ ತೀರ್ಮಾನವನ್ನು ಇದರ ಪಕ್ಕ ಇಟ್ಟು ಓದಿ. ಪರೆಯ ಇದ್ದಲ್ಲಿ ಯಹೂದಿ ಎಂದು ಬರೆದಿದೆ.

ಆಗ ಇಪ್ಪತ್ತೇಳು ವರ್ಷದ ಒಬ್ಬ ಪಾದ್ರಿ, ಡೀಟ್ರಿಕ್ ಬಾನ್‌ಹಾಫರ್, ಆ ಹಳೆಯ ಹತ್ತನೆಯ ಕಲಮನ್ನು ಹೊರತೆಗೆದ. ಯಾರು ಪಾದ್ರಿಯಾಗಬೇಕು ಎನ್ನುವುದು ಆಡಳಿತದ ಸಣ್ಣ ನಿಯಮ ಅಂತ ನಿಮಗೆ ಕಾಣಬಹುದು. ಆದರೆ ಸರ್ಕಾರದ ಒತ್ತಾಯಕ್ಕೆ ಬಗ್ಗಿ ಒಬ್ಬ ದೀಕ್ಷಿತನನ್ನು ಕುಲದ ಕಾರಣಕ್ಕೆ ಹೊರಗಿಟ್ಟ ಗಳಿಗೆಗೆ ಸಭೆ ಸಭೆಯಾಗಿ ಉಳಿಯುವುದಿಲ್ಲ. ನಂಬಿಕೆಯೇ ಪಣಕ್ಕೆ ಬಿದ್ದಿದೆ ಎಂದ. ಲ್ಯಾಟಿನ್ನಿನಲ್ಲಿ ಈ ಸ್ಥಿತಿಗೆ ಸ್ಟೇಟಸ್ ಕನ್ಫೆಸಿಯೋನಿಸ್ ಅಂತಾರೆ. 1945ರ ಏಪ್ರಿಲಿನಲ್ಲಿ ನಾಜಿಗಳು ಅವನನ್ನು ಗಲ್ಲಿಗೆ ಹಾಕಿದರು. ಆ ಕಾಲದ ಬಹುಪಾಲು ಲೂಥರನ್ ಪಾದ್ರಿಗಳು ಮಾತ್ರ ಬದುಕಿ ಉಳಿಯುವ ದಾರಿ ಹಿಡಿದರು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ದಕ್ಷಿಣ ಆಫ್ರಿಕದಲ್ಲೂ, ಅದು ಹಿಡಿದುಕೊಂಡಿದ್ದ ನಮೀಬಿಯದಲ್ಲೂ ಬಿಳಿಯ ಲೂಥರನ್ನರ ಸಭೆ ಬೇರೆ, ಕರಿಯರ ಸಭೆ ಬೇರೆ. ಭಾಷೆ ಬೇರೆ, ರೂಢಿ ಬೇರೆ, ಬೇರೆಯಿದ್ದರೆ ತಪ್ಪೇನು, ಇದೂ ಅಡಿಯಾಫೊರ ಎನ್ನುತ್ತಿದ್ದರು. 1971ರಲ್ಲಿ ನಮೀಬಿಯದ ಎರಡು ಕರಿಯ ಸಭೆಗಳು, ಬಿಷಪ್ ಲಿಯೊನಾರ್ಡ್ ಔಆಲ ಮತ್ತು ಪೌಲುಸ್ ಗೌಸೆಬ್ ಅವರ ಸಹಿಯೊಂದಿಗೆ, ಪ್ರಧಾನಿ ಫೋರ್ಸ್ಟರ್‌ನಿಗೆ ಬಹಿರಂಗ ಪತ್ರ ಬರೆದವು. ದಕ್ಷಿಣ ಆಫ್ರಿಕದ ಮಾನಸ್ ಬುತೆಲೆಜಿ ಎಂಬ ಕರಿಯ ದೇವಶಾಸ್ತ್ರಜ್ಞನ ಮೇಲೆ 1973ರಲ್ಲಿ ಸರ್ಕಾರ ನಿರ್ಬಂಧ ಹೇರಿತು. 1977ರಲ್ಲಿ ಟಾಂಜಾನಿಯದ ದಾರ್ ಎಸ್ ಸಲಾಮಿನಲ್ಲಿ ಲೂಥರನ್ ವಿಶ್ವ ಒಕ್ಕೂಟದ ಮಹಾಸಭೆ ಸೇರಿದಾಗ ಇವರೆಲ್ಲ ಎತ್ತಿದ್ದು ಅದೇ ಹತ್ತನೆಯ ಕಲಮು. ವರ್ಣಭೇದ ಇನ್ನು ಮೇಲೆ ಅಭಿಪ್ರಾಯಭೇದದ ವಿಷಯವಲ್ಲ, ನಂಬಿಕೆಯ ಪ್ರಶ್ನೆ ಎಂದು ಸಭೆ ಘೋಷಿಸಿತು. 1984ರಲ್ಲಿ ಬುಡಾಪೆಸ್ಟಿನಲ್ಲಿ, ವರ್ಣಭೇದವನ್ನು ಬಹಿರಂಗವಾಗಿ ತಿರಸ್ಕರಿಸದ ಎರಡು ಬಿಳಿಯ ಸಭೆಗಳ ಸದಸ್ಯತ್ವವನ್ನು ಅಮಾನತ್ತಿನಲ್ಲಿಟ್ಟಿತು. ಹದಿನಾರನೆಯ ಶತಮಾನದ ಸನಾತನಿಯೊಬ್ಬ ಬಿಳಿ ಅಂಗಿಯ ವಿಷಯಕ್ಕೆ ಮಸೆದ ಕತ್ತಿಯನ್ನು ಆಫ್ರಿಕದ ಕರಿಯ ಬಿಷಪ್ಪರು ಹಿಡಿದರು. ಪರಂಪರೆಯನ್ನು ಮುರಿದವರು ಎಂದು ಅವರನ್ನು ಬೈದವರಿಗೆ ತಮ್ಮ ಪರಂಪರೆಯೇ ಗೊತ್ತಿರಲಿಲ್ಲ. ಹಳೆಯದನ್ನು ಮನೆತನದವರಷ್ಟೇ ಚೆನ್ನಾಗಿ ಓದಬಲ್ಲವರು ಜಗುಲಿಯ ಹೊರಗೆ ನಿಲ್ಲಿಸಲ್ಪಟ್ಟವರು.

ಇಲ್ಲೊಂದು ತೊಡಕಿದೆ, ಹಾರಿಹೋಗಬಾರದು. ‘ನಂಬಿಕೆಯೇ ಪಣಕ್ಕಿದೆ’ ಎಂದು ಯಾರು ಬೇಕಾದರೂ ಕೂಗಬಹುದಲ್ಲ? ಲಾಟ್ವಿಯದ ಲೂಥರನ್ ಸಭೆ 1975ರಲ್ಲಿ ಹೆಂಗಸರಿಗೆ ಪಾದ್ರಿ ಪಟ್ಟ ಕೊಟ್ಟಿತ್ತು. 1993ರಲ್ಲಿ ಹೊಸ ಆರ್ಚ್‌ಬಿಷಪ್ ಬಂದು ನಿಲ್ಲಿಸಿದರು. 2016ರಲ್ಲಿ, ಗಂಡಸರಿಗೆ ಮಾತ್ರ ಎಂದು ನಿಯಮವನ್ನೇ ತಿದ್ದಿಕೊಂಡರು. ಹೀಗೆ ತಿದ್ದಿದವರೂ ವೇದವಾಕ್ಯವನ್ನು ಉಳಿಸುತ್ತಿದ್ದೇವೆ, ಇದು ಸಣ್ಣ ವಿಷಯವಲ್ಲ ಅಂತಲೇ ಹೇಳುತ್ತಾರೆ. ಫ್ಲಾಸಿಯಸನ ಕಲಮು ಅವರ ಕೈಗೂ ಸಿಗುತ್ತದೆ. ಹಾಗಾದರೆ ಹೇಗೆ ಬೇರ್ಪಡಿಸುವುದು?

ನನಗೆ ತೋಚುವುದು ಇಷ್ಟು. 1548ರಲ್ಲಿ ಫ್ಲಾಸಿಯಸ್ ಸೋತವರ ಪಕ್ಷದಲ್ಲಿ ನಿಂತು ಮಾತಾಡಿದ. ಒತ್ತಾಯ ಮಾಡುತ್ತಿದ್ದವನು ಚಕ್ರವರ್ತಿ. ಕಲಮು ಹುಟ್ಟಿದ್ದೇ ಬಗ್ಗಿಸಲ್ಪಡುತ್ತಿರುವವನಿಗೆ ಆಸರೆಯಾಗಲಿ ಎಂದು. ಬಗ್ಗಿಸುವವನು ಅದನ್ನು ಹಿಡಿದರೆ ಅಕ್ಷರ ಅದೇ ಇರಬಹುದು, ಅರ್ಥ ತಿರುವುಮುರುವಾಗುತ್ತದೆ. ಆದ್ದರಿಂದ ಒಂದು ಆಚರಣೆ ಸಣ್ಣದೋ ದೊಡ್ಡದೋ ಎಂದು ತೂಗುವಾಗ ತಕ್ಕಡಿ ಯಾರ ಕೈಯಲ್ಲಿದೆ ಎಂದು ಮೊದಲು ನೋಡಬೇಕು. ಈ ಉತ್ತರ ಪೂರ್ತಿ ಸಾಲದೆಂದು ನನಗೆ ಗೊತ್ತು. ತುಳಿಯಲ್ಪಟ್ಟವನೂ ತಪ್ಪಾಗಿ ತೂಗಬಹುದು. ವೆಳ್ಳಾಳ ಕ್ರೈಸ್ತರೂ ಇಂಗ್ಲಿಷರ ಮುಂದೆ ತುಳಿತಕ್ಕೊಳಗಾದವರೇ, ಅವರ ಹೂವಿನ ದೂರು ನ್ಯಾಯವೇ. ಮೇಲಿನವನ ಮುಂದೆ ಬಗ್ಗಿದವನು ಕೆಳಗಿನವನನ್ನು ಬಗ್ಗಿಸುತ್ತಾನೆ ಎಂಬುದು ನಮ್ಮ ಮೆಟ್ಟಿಲು ಮೆಟ್ಟಿಲಾದ ಸಮಾಜಕ್ಕೆ ಹೊಸ ಸುದ್ದಿಯಲ್ಲ. ಹೀಗಾಗಿ ಒಂದು ಮೆಟ್ಟಿಲ ಮಾತು ಕೇಳಿ ನಿಂತುಬಿಟ್ಟರೆ ಆಗದು, ಕಟ್ಟಕಡೆಯ ಮೆಟ್ಟಿಲವರೆಗೆ ಇಳಿದು ಕೇಳಬೇಕು. ತರಂಗಂಬಾಡಿಯಲ್ಲಿ ಎಲ್ಲರನ್ನೂ ಕೇಳಿದರು, ಮೇಲ್ಜಾತಿಯವರು ಏನೆಂದುಕೊಳ್ಳು‌ತ್ತಾರೆಂದು ಕೇಳಿದರು, ಸಮುದ್ರದಾಚೆಗೆ ಕಾಗದ ಬರೆದರು. ಹಳ್ಳಿಗಳ ಪರೆಯ ಕ್ರೈಸ್ತರು ದಿಯೋಗೊನ ಕೈಯಿಂದ ತೆಗೆದುಕೊಳ್ಳಲು ಒಪ್ಪುತ್ತಾರೆಯೇ ಎಂಬ ಪ್ರಶ್ನೆ ಏಳಲೇ ಇಲ್ಲ. ಅವರು ಒಪ್ಪಿಯೇ ಒಪ್ಪುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಈ ಕಥೆಗೆ ನಮ್ಮ ಸರ್ಕಾರ ಸೇರಿಸಿದ ಒಂದು ಪುಟವೂ ಇದೆ. ಜಾತಿ ಧರ್ಮವಲ್ಲ, ಬರೀ ಸಮಾಜ, ಆದ್ದರಿಂದ ಚರ್ಚಿನೊಳಗೆ ಇರಬಹುದು ಎಂದ ಗ್ರೌಲ್. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪರಿಚ್ಛೇದ ಹೇಳಿದ್ದು ತದ್ವಿರುದ್ಧ. ಅದರ ಪ್ರಕಾರ ಅಸ್ಪೃಶ್ಯತೆ ಹಿಂದೂ ಧರ್ಮದ್ದು, ಚರ್ಚಿನೊಳಗೆ ಹೋದವನಿಗೆ ಅದು ಅಂಟಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಆ ಆದೇಶದಲ್ಲಿ ಸೇರಿಸಿದರು. ಕ್ರೈಸ್ತ ದಲಿತ ಹೊರಗೇ ಉಳಿದ. ಮತಾಂತರದಿಂದ ಅಸ್ಪೃಶ್ಯನ ಸಾಮಾಜಿಕ ಸ್ಥಿತಿ ಬದಲಾಗಿಲ್ಲವೆಂದು ಅಂಬೇಡ್ಕರ್ ಎಂದೋ ಬರೆದಿದ್ದರು. ಪಾದ್ರಿಯ ವಾದದಲ್ಲೂ ಸರ್ಕಾರದ ವಾದದಲ್ಲೂ ನಷ್ಟವಾದದ್ದು ಒಬ್ಬನಿಗೇ.

ಆ ಒಬ್ಬ ತಾನೇ ಬಾಯಿಬಿಟ್ಟು ಮಾತಾಡಿದ್ದು ತಡವಾಗಿ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ‘ಶೂದ್ರ ದೇವಶಾಸ್ತ್ರ’ ಬೇಕು ಎಂದು ಭಾಷಣ ಮಾಡಿದರು. ಇದೇ ರಾಜ್ಯದಲ್ಲಿ ಬಂಡಾಯದ ಮಾತು ಕಾವೇರಿದ್ದ ಕಾಲವದು. ಅಲ್ಲಿಯವರೆಗಿನ ಭಾರತೀಯ ಕ್ರೈಸ್ತ ಚಿಂತನೆ ವೇದಾಂತದ ಜೊತೆ, ಬ್ರಾಹ್ಮಣ ಪಂಡಿತರ ಜೊತೆ ಮಾತಾಡುವುದರಲ್ಲೇ ಮುಳುಗಿತ್ತು. ಸಭೆಯಲ್ಲಿ ಕೂತ ಬಹುಜನರ ನೋವು ಅದಕ್ಕೆ ವಿಷಯವೇ ಆಗಿರಲಿಲ್ಲ. 1987ರಲ್ಲಿ ಮದರಾಸಿನ ಗುರುಕುಲ ಕಾಲೇಜು ದಲಿತ ದೇವಶಾಸ್ತ್ರಕ್ಕೇ ಒಂದು ವಿಭಾಗ ತೆರೆದು ನಿರ್ಮಲ್ ಅವರನ್ನು ಕರೆಯಿತು. ಗುರುಕುಲ ಲೂಥರನ್ನರದು. ತರಂಗಂಬಾಡಿಯ ವಾರಸುದಾರರದು.

ಭಾರತದ ಲೂಥರನ್ ಸಭೆಗಳೂ ವಿಶ್ವ ಒಕ್ಕೂಟದ ಸದಸ್ಯರೇ. ವರ್ಣಭೇದದ ಬಗ್ಗೆ 1977ರಲ್ಲಿ ಗಟ್ಟಿಯಾಗಿ ಮಾತಾಡಿದ ಆ ಒಕ್ಕೂಟ, ದಲಿತರಿಗೆ ನ್ಯಾಯ ಎಂಬ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಮಾವೇಶವನ್ನು ಸಭೆಗಳ ವಿಶ್ವ ಮಂಡಳಿಯ ಜೊತೆಗೂಡಿ ಬ್ಯಾಂಕಾಕಿನಲ್ಲಿ ನಡೆಸಿದ್ದು 2009ರ ಮಾರ್ಚಿನಲ್ಲಿ. ನಡುವೆ ಮೂವತ್ತೆರಡು ವರ್ಷ. ಇದಕ್ಕೆ ಉದಾಸೀನ ಒಂದೇ ಕಾರಣ ಎಂದು ನಾನು ಹೇಳಲಾರೆ. ಬುಡಾಪೆಸ್ಟಿನಲ್ಲಿ ಅಮಾನತ್ತು ಮಾಡಲು ಎರಡು ಸಭೆಗಳಿದ್ದವು, ಅವಕ್ಕೆ ಹೆಸರಿತ್ತು, ವಿಳಾಸವಿತ್ತು. ಜಾತಿಗೆ ಹಾಗೆ ಪ್ರತ್ಯೇಕ ಸಭೆಯಿಲ್ಲ. ಅದು ಒಂದೇ ಚರ್ಚಿನ ಒಂದೇ ಬೆಂಚಿನ ಮೇಲೆ ಕೂತು ಒಂದೇ ಪುಸ್ತಕ ಹಿಡಿದು ಹಾಡುತ್ತದೆ. ಮಗಳಿಗೆ ಗಂಡು ಹುಡುಕುವಾಗ, ಸಭೆಯ ಚುನಾವಣೆಯಲ್ಲಿ ಓಟು ಎಣಿಸುವಾಗ ಎದ್ದು ನಿಲ್ಲುತ್ತದೆ. ಯಾರ ಸದಸ್ಯತ್ವವನ್ನು ಅಮಾನತ್ತಿನಲ್ಲಿಡುವುದು? ಈ ಕೆಲಸವನ್ನು ಜಿನೀವದ ಕಚೇರಿಯಿಂದ ಮಾಡಲಾಗುವುದಿಲ್ಲ. ವಿಲ್ಸನ್ನನ ಸುತ್ತೋಲೆಯ ಕಥೆ ನೋಡಿದ್ದೇವಲ್ಲ. ಊರಿನ ಸಭೆಯಲ್ಲಿ, ಮುಂದಿನ ಪಾದ್ರಿ ಯಾರು ಎಂದು ಹಿರಿಯರು ಕೂತು ಮಾತಾಡುವ ಸಂಜೆ, ಹಿಂದಿನ ಸಾಲಿನಿಂದ ಒಬ್ಬ ಎದ್ದು ‘ಇದು ಸಣ್ಣ ವಿಷಯ ಅಂದೋರು ಯಾರು?’ ಅಂತ ಕೇಳಬೇಕಾಗುತ್ತೆ. ಅವನನ್ನು ಕೂತ್ಕೊಳಪ್ಪ, ಸಭೆಯ ಐಕ್ಯ ಕೆಡಿಸಬೇಡ ಅಂತ ಹೇಳೋಕೆ ಅಲ್ಲಿ ನಾಲ್ಕು ಜನ ಇದ್ದೇ ಇರುತ್ತಾರೆ.